ದೇರಪ್ಪನ ಹೆಸರಿನ ಕವರು

ಮೇಣದಬತ್ತಿ ಕರಗಿ ಚೆಂಡುಹೂವಿನ ಮೇಲೆ ತೊಟ್ಟಿಕ್ಕಿದಾಗ ಒಂದು ವಾಸನೆ ಬರುತ್ತದೆ. ಅರ್ಧ ಸಿಹಿ, ಅರ್ಧ ಕಮಟು, ಅದರಡಿಯಲ್ಲಿ ಒದ್ದೆ ಮಣ್ಣಿನದು. ಸೆವ್ರಿನ್ ಬಾಯಿಯವರು ಆರು ವರ್ಷದ ಹುಡುಗಿಯಾಗಿದ್ದಾಗ, ನವೆಂಬರ್ ಎರಡರ ಸಂಜೆ, ಸತ್ತವರ ಹಬ್ಬದ ದಿನ ಅಪ್ಪನ ಕೈ ಹಿಡಿದು ಗೋರಿಗಳ ನಡುವೆ ನಿಂತು ಮೂಗಿನ ತುಂಬ ಎಳೆದುಕೊಂಡ ವಾಸನೆ ಅದು. ಅಪ್ಪ ತಮ್ಮವರ ಗೋರಿಗೆ ಬತ್ತಿ ಹಚ್ಚಿದ ಮೇಲೆ, ಯಾರೂ ಬರದ ಪಕ್ಕದ ಗೋರಿಗೂ ಒಂದು ಹಚ್ಚುತ್ತಿದ್ದರು. ಗಾಳಿಗೆ ಆರದಂತೆ ಟೊಪ್ಪಿ ಅಡ್ಡ ಹಿಡಿದು, ಅದು ನೆಲೆನಿಲ್ಲುವವರೆಗೆ ಕಾಯುತ್ತಿದ್ದರು.

ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ, ಅರವತ್ತೆಂಟು ವರ್ಷದ ಸೆವ್ರಿನ್ ಬಾಯಿ ಈ ಸಲವೂ ಸುಂಟಿಕೊಪ್ಪದ ಅದೇ ಗೋರಿಗಳ ನಡುವೆ, ಅದೇ ವಾಸನೆಯಲ್ಲಿ ನಿಂತಿದ್ದರು. ಆದರೆ ಅಪ್ಪನ ನೆನಪು ಬರಬೇಕಾದ ಜಾಗದಲ್ಲಿ ಒಂದು ಕಂದಕ ಬಂದು ಕೂತಿತ್ತು. ಆರಡಿ ಅಗಲ, ಐದಡಿ ಆಳದ ಕಂದಕ. ಅದರ ದಡದಲ್ಲಿ ಪಕ್ಕದ ತೋಟದ ದೇರಪ್ಪ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಸತ್ತವರಿಗಾಗಿ ಒಂದು ನಿಮಿಷ ಮನಸ್ಸಿಡೋಣವೆಂದರೆ ಬದುಕಿರುವವನು ಬಿಡಬೇಕಲ್ಲ!

ಎಲ್ಲ ಶುರುವಾದದ್ದು ಜುಲೈಯ ಗಾಳಿಗೆ. ಬಾಯಿಯವರ ಎರಡೆಕರೆ ತೋಟದ ಗಡಿಯಲ್ಲಿ ನೆರಳಿಗೆಂದು ಬೆಳೆಸಿದ್ದ ಸಿಲ್ವರ್ ಓಕ್ ಮರವೊಂದು ಬುಡಸಮೇತ ಕಿತ್ತು ದೇರಪ್ಪನ ಕಡೆಗೆ ಬಿತ್ತು. ಅವನ ಹನ್ನೊಂದು ಮೆಣಸಿನ ಬಳ್ಳಿ ನೆಲಸಮವಾದವು. ಬಾಯಿಯವರು ಅದೇ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ತಪ್ಪಾಯಿತೆಂದರು, ಮರ ನೀವೇ ಇಟ್ಟುಕೊಳ್ಳಿ ಎಂದರು. ದೇರಪ್ಪ ಇನ್ನೇನು ತಣ್ಣಗಾಗುವವನಿದ್ದ. ಅಷ್ಟರಲ್ಲಿ ತಂಗಿ ಜುಸ್ತಿನ್ ಕೋಲೂರಿಕೊಂಡು ಹಿಂದೆಯೇ ಬಂದಳು. ಮಡಿಕೇರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನವರ ಬೈಗುಳ ಕೇಳಿ, ಒಂದಕ್ಕೂ ಉತ್ತರ ಕೊಡಲಾಗದೆ, ನಿವೃತ್ತಿಯಾದ ಮೇಲೆ ಎಲ್ಲವನ್ನೂ ಒಟ್ಟಿಗೆ ತೀರಿಸುತ್ತಿರುವವಳು ಅವಳು.

"ಮರ ವಾಲಿದ್ದು ನಿಮ್ಗೆ ಕಾಣ್ತಿರ್ಲಿಲ್ವಾ? ಮೊದ್ಲೇ ಕಡಿಸ್ಬೇಕಿತ್ತು" ಎಂದ ದೇರಪ್ಪ.

"ಗಾಳಿಗೊಂದು ನೋಟೀಸ್ ಕಳ್ಸಿ ದೇರಪ್ಪನವ್ರೇ" ಎಂದಳು ಜುಸ್ತಿನ್. "ಅಡ್ರೆಸ್ ಬೇಕಿದ್ರೆ ನಾನ್ ಕೊಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಯಮುನ ತಡೆಯಲಾರದೆ ನಕ್ಕುಬಿಟ್ಟಳು. ದೇರಪ್ಪ ಬಳ್ಳಿಯನ್ನು ಮರೆತ, ಆ ನಗುವನ್ನು ಮರೆಯಲಿಲ್ಲ.

ಅಕ್ಟೋಬರಿನಲ್ಲಿ ಜೆಸಿಬಿ ಬಂತು. ರಸ್ತೆಯಿಂದ ಹೊರಟ ಜೀಪುದಾರಿ ದೇರಪ್ಪನ ಮನೆಯ ಮುಂದೆ ಹಾದು, ಅವನ ತೋಟದಂಚಿನಲ್ಲೇ ಅಕ್ಕತಂಗಿಯರ ಮನೆ ಮುಟ್ಟಿ, ಮುಂದೆ ತೋಟದ ಆಳುಗಳ ಲೈನ್‌ಮನೆಗಳಿಗೆ ಹೋಗುತ್ತದೆ. ನಲವತ್ತು ವರ್ಷದಿಂದ ಎಲ್ಲರೂ ನಡೆದ ದಾರಿ. ಕಾಗದದಲ್ಲಿ ಮಾತ್ರ ದೇರಪ್ಪನದು. ಎರಡು ಮನೆಗಳ ನಡುವೆ, ದಾರಿಗೆ ಸರಿಯಾಗಿ ಅಡ್ಡಲಾಗಿ, ಒಂದು ಗಂಟೆಯಲ್ಲಿ ಕಂದಕ ತೋಡಿಸಿದ. ಕೇಳಿದರೆ, "ಆನೆ ಕಾಟ ಬಾಯಮ್ಮ, ಏನ್ ಮಾಡೋದು" ಎಂದ. ಇಷ್ಟು ವರ್ಷ ಆನೆ ಬಂದದ್ದೆಲ್ಲ ಹೊಳೆಯ ಕಡೆಯಿಂದ. ಈ ಕಡೆಯಿಂದ ಬರಬೇಕಾದರೆ ಅದು ಸುಂಟಿಕೊಪ್ಪದಲ್ಲಿ ಬಸ್ಸಿಳಿದು ಬರಬೇಕಿತ್ತು.

ಜುಸ್ತಿನಳ ಬಲಮಂಡಿಯ ಆಪರೇಷನ್ನಿಗೆ ಮೈಸೂರಿನ ಡಾಕ್ಟರು ನವೆಂಬರ್ ಇಪ್ಪತ್ತನೇ ತಾರೀಕು ಕೊಟ್ಟಿದ್ದರು. ಎಂಟು ತಿಂಗಳು ಕಾದು ಸಿಕ್ಕಿದ ತಾರೀಕು. ಆಪರೇಷನ್ ಆದ ಮೇಲೆ ಗಾಡಿ ಮನೆಬಾಗಿಲಿಗೇ ಹೋಗಬೇಕು, ಹಲಗೆ ಗಿಲಗೆ ದಾಟಿಸುವುದಾದರೆ ಈಗಲೇ ಹೇಳಿ, ತಾರೀಕು ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು ಅವರು. ಈಗ ಕಂದಕದ ಮೇಲೆ ಎರಡು ಹಲಗೆ ಬಿಟ್ಟರೆ ಬೇರೇನಿರಲಿಲ್ಲ. ಪಂಚಾಯಿತಿಯವರು ಕಾಫಿ ಹಣ್ಣು ಕೀಳುವ ಪಿಕಿಂಗ್ ಮುಗಿಯಲಿ ನೋಡೋಣ ಎಂದರು. ಪಿಕಿಂಗ್ ಇನ್ನೂ ಶುರುವೇ ಆಗಿರಲಿಲ್ಲ.

"ಪೊಲೀಸ್ ಕಂಪ್ಲೇಂಟ್ ಕೊಡು ಬಾಯೆ" ಎಂದಳು ಜುಸ್ತಿನ್. ಅಕ್ಕನನ್ನು ಅವಳು ಚಿಕ್ಕಂದಿನಿಂದ ಬಾಯೆ ಎಂದೇ ಕರೆಯುವುದು. "ಇಲ್ಲಾಂದ್ರೆ ಅವ್ನ ನೀರಿನ ಪೈಪು ನಮ್ಮ ಜಾಗದ ಮೇಲೇ ಹೋಗ್ತದಲ್ಲ, ಒಂದ್ ಕತ್ತಿ ಏಟು ಸಾಕು."

ಸೆವ್ರಿನ್ ಬಾಯಿಯವರಿಗೂ ಆ ಪೈಪು ಕಣ್ಣಿಗೆ ಬಿದ್ದಿತ್ತು. ಬಿದ್ದದ್ದು ಮಾತ್ರವಲ್ಲ, ಒಂದು ಬೆಳಿಗ್ಗೆ ಕತ್ತಿ ಹಿಡಿದು ಅದರ ಪಕ್ಕ ಸುಮಾರು ಹೊತ್ತು ನಿಂತೂ ಇದ್ದರು. ಅದೇ ಹೆದರಿಕೆಗೆ ಶನಿವಾರ ಪಾಪನಿವೇದನೆಗೆ ಹೋದರು. ಹೊಸದಾಗಿ ಬಂದ ಫಾದರ್ ಮೂವತ್ತು ದಾಟದ ಹುಡುಗ. ಎಲ್ಲ ಕೇಳಿ, "ಕಾಟ ಕೊಡುವವರಿಗಾಗಿ ಪ್ರಾರ್ಥಿಸಿ ಅಂತಲೇ ಅಲ್ವಾ ಬಾಯಮ್ಮ, ಬೈಬಲಿನಲ್ಲಿ ಸ್ವಾಮಿ ಹೇಳಿದ್ದು? ಒಂಬತ್ತು ದಿನ ಅವರ ಹೆಸರು ಹೇಳಿ ಪ್ರಾರ್ಥನೆ ಮಾಡಿ. ಒಂದು ಪೂಜೆಗೂ ಅವರ ಹೆಸರು ಕೊಡಿ" ಎಂದರು. ಕಂದಕದ ಆಚೆ ಬದುಕದವರಿಗೆ ಇದು ಬಹಳ ಸುಲಭ ಎಂದುಕೊಂಡರು ಬಾಯಿ. ಆದರೂ ಮನೆಗೆ ಬಂದು ಮಂಡಿಯೂರಿದರು.

ಮೊದಲ ದಿನ ದೇರಪ್ಪನಿಗೆ ಒಳ್ಳೆಯದಾಗಲಿ ಎಂದರು. ಹಲ್ಲು ಕಚ್ಚಿಕೊಂಡದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ. ಎರಡನೆಯ ದಿನ ಅವನೇ ಆ ಕಂದಕಕ್ಕೆ ಬೀಳಲಿ ಎಂದು ಬಾಯಿಗೆ ಬಂತು, ಶಿಲುಬೆಯ ಗುರುತು ಹಾಕಿ ವಾಪಸ್ ತೆಗೆದುಕೊಂಡರು. ನಾಲ್ಕನೆಯ ದಿನ ದೇವರಿಗೇ ಕೆಲಸ ಹೇಳಿಕೊಡುತ್ತಿದ್ದರು: ಮೊದಲು ಕಂದಕ ಮುಚ್ಚಿಸು, ಆಮೇಲೆ ಅವನ ಮನಸ್ಸು ತಿದ್ದು, ತಿದ್ದಲು ಎಷ್ಟು ದಿನ ಬೇಕಾದರೂ ತೆಗೆದುಕೋ. ಒಳಗಿನಿಂದ ಜುಸ್ತಿನ್, "ಇವತ್ತೇನು ಕೇಳ್ದೆ ಬಾಯೆ ಅವ್ನಿಗೆ? ಮೆಣಸಿಗೆ ರೇಟಾ?" ಎಂದು ಕೂಗುತ್ತಿದ್ದಳು.

ಏಳನೆಯ ದಿನ ಇನ್ನೂ ಕಿರಿಕಿರಿಯಾಯಿತು. ಪೇಟೆಗೆ ಹೊರಟ ದೇರಪ್ಪ ಜೀಪು ನಿಲ್ಲಿಸಿ, ಲೈನ್‌ಮನೆಯ ಮುದುಕಿಯೊಬ್ಬಳ ಸೌದೆ ಹೊರೆಯನ್ನು ತಾನೇ ಎತ್ತಿ ಹಿಂದೆ ಹಾಕಿ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದದ್ದನ್ನು ಬಾಯಿ ಕಂಡರು. ಯಾರೂ ಅವನನ್ನು ಕೇಳಿರಲಿಲ್ಲ. ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು! ಅಂದಿನ ಪ್ರಾರ್ಥನೆ ಮಾತ್ರ ಹಲ್ಲು ಕಚ್ಚದೆ ಹೊರಟಿತು. ಅದೂ ಅವರಿಗೆ ಸೇರಲಿಲ್ಲ.

ಒಂಬತ್ತನೆಯ ದಿನ ಎರಡು ಕವರು ಬರೆದರು. ಒಂದು ಅಪ್ಪ ಗ್ರೆಗೊರಿ, ಅಮ್ಮ ಬೆನೆದಿಕ್ತಾ ಇಬ್ಬರ ಹೆಸರಿನದು. ಪ್ರತಿ ನವೆಂಬರಿನಲ್ಲೂ ಅಗಲಿದವರ ಹೆಸರಿನ ಕವರುಗಳಿಗೆಂದು ಇಗರ್ಜಿಯ ಮುಖಮಂಟಪದಲ್ಲಿ ಕಪ್ಪು ಬಟ್ಟೆ ಸುತ್ತಿದ ಪೆಟ್ಟಿಗೆ ಇಡುತ್ತಾರೆ. ಸತ್ತವರ ಹಬ್ಬದ ಸಂಜೆ ಗೋರಿಗಳ ನಡುವೆ ನಡೆಯುವ ಪೂಜೆಯಲ್ಲಿ ಆ ಹೆಸರುಗಳನ್ನೆಲ್ಲ ಓದುತ್ತಾರೆ. ಇನ್ನೊಂದು ಕವರು ದೇರಪ್ಪನದು. ಅದು ಪಕ್ಕದ ಬಿಳಿ ಪೆಟ್ಟಿಗೆಗೆ, ಬದುಕಿರುವವರ ಆರೋಗ್ಯ, ಹುಟ್ಟುಹಬ್ಬ, ಪರೀಕ್ಷೆಗಳ ಸಾಲಿಗೆ. ಸುಂಟಿಕೊಪ್ಪದಲ್ಲಿ ದೇರಪ್ಪಂದಿರು ಬಹಳ. ದೇವರಿಗೆ ತಪ್ಪಬಾರದೆಂದು ಬಾಯಿ ಮೇಷ್ಟರಿಕೆಯ ಅಭ್ಯಾಸದಲ್ಲಿ ಪೂರ್ತಿ ಬರೆದರು: 'ದೇರಪ್ಪ, ಕಾಫಿ ಬೆಳೆಗಾರರು, ಗುಡ್ಡೆತೋಟ.' ಪೆಟ್ಟಿಗೆಗಳ ಮುಂದೆ ನಿಂತಾಗ ಜುಸ್ತಿನಳ ಫೋನು ಬಂತು. ಹಲಗೆಯಲ್ಲೊಂದು ಬಿರುಕು ಬಿಟ್ಟಿದೆಯಂತೆ. ಸಿಟ್ಟು ನೆತ್ತಿಗೇರಿ ಎರಡೂ ಕವರುಗಳನ್ನು ತುರುಕಿ ಮನೆಗೆ ಓಡಿದರು.

ಈಗ ಗೋರಿಗಳ ನಡುವೆ ಫಾದರ್ ಮೈಕಿನಲ್ಲಿ ಹೆಸರುಗಳನ್ನು ಓದುತ್ತಿದ್ದರು. ಅಪ್ಪ ಅಮ್ಮನ ಹೆಸರಿಗಾಗಿ ಬಾಯಿ ಕಿವಿಗೊಟ್ಟು ನಿಂತಿದ್ದರು.

"...ಇವರ ಆತ್ಮಗಳಿಗೂ, ಗುಡ್ಡೆತೋಟದ ಕಾಫಿ ಬೆಳೆಗಾರರಾದ ದೇರಪ್ಪನವರ ಆತ್ಮಕ್ಕೂ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು ಸ್ವಾಮಿ."

"ಸ್ವಾಮಿ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎಂದಿತು ಜನ.

ಸೆವ್ರಿನ್ ಬಾಯಿಯ ಕೈಯಿಂದ ಬತ್ತಿ ಜಾರಿತು. ಮೂವತ್ತು ವರ್ಷದ ಹಿಂದೆ ತೀರಿಕೊಂಡ ಗ್ರೆಗೊರಿ, ಬೆನೆದಿಕ್ತಾ ದಂಪತಿಗಳಿಗಾಗಿ ಬೆಳಗಿನ ಪೂಜೆಯಲ್ಲಿ ಒಳ್ಳೆಯ ಆರೋಗ್ಯವನ್ನೂ ದೀರ್ಘಾಯುಷ್ಯವನ್ನೂ ಬೇಡಿಯಾಗಿತ್ತು ಎಂಬುದು ಆಮೇಲೆ ತಿಳಿಯಿತು.

ಪೂಜೆ ಮುಗಿದದ್ದೇ ಅವರು ಫಾದರ್ ಬಳಿಗೆ ಧಾವಿಸಿದರು. "ಫಾದರ್, ದೇರಪ್ಪ ಸತ್ತಿಲ್ಲ!"

"ಮತ್ತೆ ಕವರ್ ಯಾಕೆ ಹಾಕಿದ್ರಿ?"

"ನೀವೇ ಪ್ರಾರ್ಥನೆ ಮಾಡಿ ಅಂದ್ರಲ್ಲ!"

ಫಾದರ್ ಹಣೆ ಒರೆಸಿಕೊಂಡರು. "ಹೋಗ್ಲಿ ಬಿಡಿ ಬಾಯಮ್ಮ, ದೇವರಿಗೆ ಗೊತ್ತಾಗ್ತದೆ."

"ದೇವರಿಗೆ ಗೊತ್ತಾಗ್ತದೆ ಫಾದರ್. ಸುಂಟಿಕೊಪ್ಪಕ್ಕೆ ಗೊತ್ತಾಗೋದು ಹೇಗೆ?"

ಗೋರಿಗಳಿರುವುದು ಬಸ್‌ಸ್ಟ್ಯಾಂಡಿನ ಮೇಲಿನ ಏರಿನಲ್ಲಿ. ಮೈಕಿನ ಮಾತು ಕೆಳಗಿನ ಬೇಕರಿಯವರೆಗೆ ಕೇಳುತ್ತದೆ. ಬಾಯಿ ಏರು ಇಳಿದು ಬರುವಷ್ಟರಲ್ಲಿ ಆಟೋ ಚಂದ್ರು ಎದುರಿಗೇ ಬಂದ. "ಎಂಥ ಬಾಯಮ್ಮ ಇದು! ದೇರಪ್ಪಣ್ಣ ನಿನ್ನೆ ಗಟ್ಟಿಯಾಗೇ ಇದ್ರಲ್ಲ! ನಾನು ಗ್ರೂಪಿಗೆ ಫೋಟೋ ಹಾಕ್ದೆ. ದೀಪ ಎಲ್ಲ ಇಟ್ಟು, ಓಂ ಶಾಂತಿ ಅಂತ. ಇನ್ನೂರು ಜನ ಕೈ ಮುಗ್ದಾಯ್ತು."

"ತೆಗಿ ಅದನ್ನ! ಅವ್ರು ಬದುಕಿದ್ದಾರೆ! ತೆಗ್ದು ಗಾಡಿ ಬಿಡು, ಯಮುನ ಹತ್ರ ಹೋಗ್ಬೇಕು!"

ದೇರಪ್ಪ ಬೆಳಿಗ್ಗೆಯೇ ಕೊಡ್ಲಿಪೇಟೆಯ ಕಡೆ ಹಸು ನೋಡಲು ಹೋಗಿದ್ದ. ಫೋನು ಹತ್ತುತ್ತಿರಲಿಲ್ಲ. ಬಾಯಿ ತಲುಪಿದಾಗ ಅವನ ಅಂಗಳದಲ್ಲಿ ಆಗಲೇ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಲೈನ್‌ಮನೆಯವರು ಕಾಫಿ ಗಿಡಗಳ ನಡುವೆ ನಿಂತಿದ್ದರು. ಯಮುನ ಜಗಲಿಯ ಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣೀರೂ ಬರದೆ ಕೂತಿದ್ದಳು. ಅವಳ ಮುಖ ಕಂಡಾಗ ಬಾಯಿಯವರ ಕಿರಿಕಿರಿಯೆಲ್ಲ ತಮ್ಮ ಮೇಲೇ ತಿರುಗಿತು. ಕತ್ತಿ ಹಿಡಿದು ಪೈಪು ಕಡಿದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಯಮುನ, ಏನೂ ಆಗಿಲ್ಲಮ್ಮ, ತಪ್ಪು ನಂದು. ಕವರು ಅದಲುಬದಲಾಯ್ತು" ಎಂದು ಅವಳ ಎದುರು ಕುಕ್ಕರಿಸಿ ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಅವಳಿಗೆ ಅರ್ಥವಾಗಿ, ಆಗ ಅಳು ಬಂತು.

ಅದೇ ಹೊತ್ತಿಗೆ ಜೀಪು ಬಂದು ನಿಂತಿತು. ದೇರಪ್ಪ ಇಳಿದು ಕುರ್ಚಿಗಳನ್ನು ನೋಡಿದ, ಜನರನ್ನು ನೋಡಿದ, ಅಳುತ್ತಿದ್ದ ಹೆಂಡತಿಯನ್ನು ನೋಡಿದ. ಗಾಬರಿಯಲ್ಲಿ ಮನೆಮಾತೇ ಬಂತು.

"ಎಂಥ ಆತ್? ಯಾರ್ ಸತ್ತದ್?"

ಸತ್ತವನೇ ಬಂದು ಕೇಳಿದರೆ ಏನೆಂದು ಹೇಳುವುದು?

ಕಂದಕದ ಕಡೆಯಿಂದ ದೊಪ್ಪೆಂದು ಸದ್ದು, ಹಿಂದೆಯೇ ಒಂದು ಕೂಗು ಕೇಳಿಸಿತು. ಎಲ್ಲರೂ ಓಡಿದರು. ಬಿರುಕು ಬಿಟ್ಟ ಹಲಗೆ ಮುರಿದಿತ್ತು. ಕಂದಕದೊಳಗೆ, ಸೇವಂತಿಗೆ ಹಾರವೊಂದನ್ನು ಕೆಸರು ತಾಗದಂತೆ ಮೇಲೆತ್ತಿ ಹಿಡಿದುಕೊಂಡು, ನಿವೃತ್ತ ಮೇಷ್ಟ್ರು ಚನ್ನಮಲ್ಲಪ್ಪನವರು ಕೂತಿದ್ದರು. ಲೈನ್‌ಮನೆಗಳಾಚೆ ಮನೆ ಮಾಡಿಕೊಂಡಿರುವ ಅವರಿಗೂ ದೇರಪ್ಪನಿಗೂ ಆರು ವರ್ಷದಿಂದ ಮಾತಿಲ್ಲ. ಆದರೆ ಸಾವಾದ ಮನೆಗೆ ಹೋಗದಿರುವುದು ಈ ಕಡೆ ಯಾರಿಗೂ ಗೊತ್ತಿಲ್ಲ. ಮಾತು ಬಿಟ್ಟವರೂ ಹೋಗಿ, ಹೂ ಹಾಕಿ, ಒಂದು ಗಳಿಗೆ ನಿಂತು ಬರುತ್ತಾರೆ.

ದೇರಪ್ಪ ಹಿಂದುಮುಂದು ನೋಡದೆ ಕೆಳಗೆ ಹಾರಿ ಅವರ ಕಂಕುಳಿಗೆ ಕೈ ಕೊಟ್ಟ. ಸಂಜೆಯ ಮಬ್ಬಿನಲ್ಲಿ ಆ ಮುಖವನ್ನು ಹತ್ತಿರದಿಂದ ಕಂಡು ಮೇಷ್ಟ್ರು ತತ್ತರಿಸಿಹೋದರು.

"ದೇರಪ್ಪಾ? ನೀನೇನಯ್ಯಾ?" ಎಂದರು. "ಅಂದ್ರೆ... ನಾನೂ ಬಂದ್ಬಿಟ್ನೇನೋ?"

ಮೇಲೆ ಯಾರೋ ಕಿಸಕ್ಕೆಂದರು. ದೇರಪ್ಪನಿಗೆ ಈಗ ಅರ್ಥವಾಯಿತು. ಮೇಷ್ಟ್ರನ್ನು ದಡಕ್ಕೆ ಹತ್ತಿಸಿ, ತಾನೂ ಕೆಸರಾಗಿ ಮೇಲೆ ಬಂದು, ನಡೆದದ್ದನ್ನು ಚಂದ್ರುವಿನ ಬಾಯಲ್ಲಿ ಕೇಳಿ, ಬಾಯಿಯವರ ಕಡೆಗೆ ತಿರುಗಿದ.

"ನನ್ನ ಬದುಕಿರೋವಾಗ್ಲೇ ಕೊಂದ್ರಲ್ಲ ಬಾಯಮ್ಮ! ಮಾಟ ಮಾಡಿಸೋರು ಸಹ ಮೈಕ್ ಇಟ್ಟು ಮಾಡ್ಸೋದಿಲ್ಲ!"

"ಮಾಟ ಅಲ್ಲ ದೇರಪ್ಪ. ನಿಮ್ಮ ಒಳ್ಳೇದಕ್ಕೆ ಪ್ರಾರ್ಥನೆ ಮಾಡ್ತಿದ್ದೆ."

"ನನ್ನ ಒಳ್ಳೇದಕ್ಕೆ? ನಿಮ್ಗೆ ತೊಂದ್ರೆ ಕೊಟ್ಟವ್ನು ನಾನು! ನನ್ನ ಒಳ್ಳೇದು ನಿಮ್ಗ್ಯಾಕೆ?"

ಸೆವ್ರಿನ್ ಬಾಯಿಯವರ ತಾಳ್ಮೆ ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷ ತರಗತಿಯಲ್ಲಿ ಏರದ ದನಿ ಏರಿತು.

"ಮಾಡ್ದಿದ್ರೆ ನಿಮ್ಮ ಪೈಪು ಕಡೀತಿದ್ದೆ, ಅದಕ್ಕೆ! ಕತ್ತಿ ಹಿಡ್ಕೊಂಡು ಹೋಗಿ ನಿಂತಿದ್ದೆ ಗೊತ್ತಾ? ಒಂಬತ್ತು ದಿನ ಮಂಡಿಯೂರಿ ನಿಮ್ಮ ಹೆಸ್ರು ಹೇಳಿದ್ದೀನಿ. ಸುಲಭ ಅಂದ್ಕೊಂಡ್ರಾ? ಎರಡನೇ ದಿನ ನೀವೇ ಆ ಟ್ರೆಂಚಿಗೆ ಬೀಳ್ಲಿ ಅಂತ ಕೇಳ್ದೆ, ಆಮೇಲೆ ಬೇಡ ಅಂದೆ. ನನ್ನ ತಂಗಿಗೆ ಇಪ್ಪತ್ತನೇ ತಾರೀಕು ಆಪರೇಷನ್. ಅವಳನ್ನ ಯಾವ ಹಲಗೆ ಮೇಲೆ ತರ್ಲಿ ನಾನು? ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ಇವತ್ತೂ ಹೋಗಿಲ್ಲ. ಆದ್ರೂ ನಾಳೆನೂ ಮಾಡ್ತೀನಿ, ಏನ್ ಮಾಡ್ತೀರೋ ಮಾಡ್ಕೊಳ್ಳಿ!"

ಯಮುನ ಸೆರಗಿನಲ್ಲಿ ಮೂಗೊರೆಸಿಕೊಂಡು ಮುಂದೆ ಬಂದಳು.

"ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೀನಿ. ಇವ್ರಿಗೋಸ್ಕರ ಒಂಬತ್ತು ದಿನ ಒಂದೇ ಸಮ ನಾನೂ ಕೂತಿಲ್ಲ" ಎಂದಳು. ಮತ್ತೆ ಗಂಡನಿಗೆ, "ನೀವು ಸತ್ತ್ರಿ ಅಂತ ಬಂದವ್ರು ನಿಮ್ಮದೇ ಟ್ರೆಂಚಿಗೆ ಬಿದ್ರು. ಅದನ್ನ ಮುಚ್ಚಿದ ದಿವ್ಸ ಫೋನ್ ಮಾಡಿ" ಎಂದು, ಮರುದಿನ ಬೆಳಗಿನ ಬಸ್ಸಿಗೆ ತವರಿಗೆ ಹೊರಟೇಹೋದಳು.

ಇಷ್ಟಾದ ಮೇಲೆ ಕಂದಕ ಮುಚ್ಚಬೇಕಿತ್ತಲ್ಲ? ಮುಚ್ಚಲಿಲ್ಲ. ಒಂದು ವಾರ ಕಳೆಯಿತು, ಇನ್ನೂ ಆರು ದಿನ ಕಳೆಯಿತು. ಮೇಷ್ಟ್ರು ಕೊಟ್ಟ ಹೊಸ ಹಲಗೆಯ ಮೇಲೆ ಬಾಯಿ ದಾಟುತ್ತಿದ್ದರು, ಸಂಜೆ ಮಂಡಿಯೂರುತ್ತಿದ್ದರು. ಮೈಸೂರಿನಿಂದ ಡಾಕ್ಟರ ಕಡೆಯವರು ಎರಡು ಸಲ ಫೋನು ಮಾಡಿ, ಬರುವುದು ಖಂಡಿತವೇ ಎಂದು ಕೇಳಿದರು. ಬಾಯಿ ಎರಡು ಸಲವೂ ಖಂಡಿತ ಎಂದು ಹೇಳಿ, ಫೋನಿಟ್ಟು, ತಮಗೆ ತಾವೇ ಬೈದುಕೊಂಡರು.

"ದೇವ್ರ ಲೈನು ಬಿಜಿ ಇರ್ಬೇಕು ಬಾಯೆ" ಎನ್ನುತ್ತಿದ್ದಳು ಜುಸ್ತಿನ್. "ನನ್ನ ಅನುಭವದಲ್ಲಿ ಹೇಳ್ತೀನಿ, ಕಟ್ ಮಾಡಿ ಮತ್ತೆ ಹಚ್ಬೇಕು."

ಹದಿನಾರರ ಬೆಳಿಗ್ಗೆ ಗುದ್ದಲಿಯ ಸದ್ದು ಕೇಳಿಸಿತು. ಬಾಯಿ ಕಿಟಕಿಯಿಂದ ನೋಡಿದರು. ದೇರಪ್ಪ ಒಬ್ಬನೇ, ಬನಿಯನ್ನಿನಲ್ಲಿ, ದಡದಲ್ಲಿ ಗುಡ್ಡೆ ಬಿದ್ದ ಮಣ್ಣನ್ನು ಎಳೆದೆಳೆದು ಕಂದಕಕ್ಕೆ ಹಾಕುತ್ತಿದ್ದ. ಜೆಸಿಬಿ ಇಡೀ ತಿಂಗಳು ಯಾವುದೋ ರೋಡಿನ ಕೆಲಸಕ್ಕೆ ಹೋಗಿದೆಯೆಂದೂ, ಅರೇಬಿಕಾ ಪಿಕಿಂಗ್ ಶುರುವಾದದ್ದರಿಂದ ಆಳು ಒಬ್ಬರೂ ಸಿಗಲಿಲ್ಲವೆಂದೂ ಚಂದ್ರು ಹೇಳಿದ. ಒಂದು ಗಂಟೆಯಲ್ಲಿ ತೋಡಿಸಿದ್ದನ್ನು ಮುಚ್ಚಲು ಐವತ್ತೈದರ ಮನುಷ್ಯನಿಗೆ ನಾಲ್ಕು ದಿನ ಬೇಕಾಯಿತು. ಈ ಕಡೆ ಒಮ್ಮೆಯೂ ತಲೆಯೆತ್ತಲಿಲ್ಲ. ಬಾಯಿ ಹೋಗಿ, "ಮಣ್ಣು ಹಾಕಿದ ಹಾಗೇ ತುಳೀಬೇಕು ದೇರಪ್ಪ, ಇಲ್ಲಾಂದ್ರೆ ಗಾಡಿ ಹೂತು ಹೋಗ್ತದೆ" ಎಂದರೆ, "ಗೊತ್ತುಂಟು" ಎಂದ. ಗೊತ್ತಿದ್ದ ಹಾಗೆ ಕಾಣಲಿಲ್ಲ. ಇಡೀ ಕಂದಕವನ್ನೂ ಮುಚ್ಚುತ್ತಿರಲಿಲ್ಲ. ಒಂದು ಕಾರು ಹೋಗುವಷ್ಟೇ ಅಗಲ, ಮೇಲೆ ಒಂದು ಗೇಣೂ ಇಲ್ಲ. ಕೋಲಿನಿಂದ ಅಳೆದು ಗುರುತು ಹಾಕಿಕೊಂಡಿದ್ದ.

"ನೋಡು ಅವ್ನ ಬುದ್ಧಿ" ಎಂದಳು ಜುಸ್ತಿನ್ ಕಿಟಕಿಯಲ್ಲಿ. "ಪಶ್ಚಾತ್ತಾಪನೂ ಟೇಪ್ ಹಿಡ್ದು ಮಾಡ್ತಾನೆ."

ಹತ್ತೊಂಬತ್ತರ ಮಧ್ಯಾಹ್ನ ಇನ್ನು ಒಂದಡಿ ಬಾಕಿಯಿತ್ತು. ಮರುದಿನ ಬೆಳಿಗ್ಗೆ ಆರಕ್ಕೆ ಮೈಸೂರಿಗೆ ಕಾರು. ಬಾಯಿ ಬ್ಯಾಗಿಗೆ ಡಾಕ್ಟರ ಚೀಟಿ, ಎಕ್ಸ್‌ರೇ, ಟವೆಲ್ಲು ತುಂಬುತ್ತ, ಮಧ್ಯೆ ಮಧ್ಯೆ ಹೊರಗೆ ಇಣುಕುತ್ತಿದ್ದರು. ದೇರಪ್ಪ ಗುದ್ದಲಿ ಒರಗಿಸಿ, ಗುಡ್ಡೆಯ ಮೇಲೆ ಕೂತು, ಕಾಗದ ಬಿಚ್ಚಿ ಬೇಕರಿಯ ಬನ್ನು ತಿನ್ನಲು ಶುರುಮಾಡಿದ್ದ. ನಾಲ್ಕು ದಿನದಿಂದಲೂ ಅದೇ ಬನ್ನು. ಕರೆದರೆ ಬರುವವನಲ್ಲ. ಕರೆಯದೆ ಇದ್ದರೆ ತಮಗೆ ಊಟ ಇಳಿಯುವುದಿಲ್ಲ. ಈ ಮನುಷ್ಯ ಒಳ್ಳೆಯದು ಮಾಡುವಾಗಲೂ ಪೀಡೆಯೇ ಎಂದು ಗೊಣಗುತ್ತ, ಮುಖ ತೊಳೆದು ಬರೋಣವೆಂದು ಅವರು ಹಿತ್ತಲಿಗೆ ಹೋದರು.

ತಿರುಗಿ ಬಂದಾಗ ಅಡಿಗೆಮನೆಯಲ್ಲಿ ಬಂಗುಡೆ ಸಾರಿನ ಪಾತ್ರೆಯ ಮುಚ್ಚಳ ತೆಗೆದಿತ್ತು, ಜುಸ್ತಿನ್ ಇರಲಿಲ್ಲ. ಬಾಯಿ ಬಾಗಿಲಿಗೆ ಬಂದರು. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಎರಡಂತಸ್ತಿನ ಟಿಫಿನ್ ಕ್ಯಾರಿಯರ್ ಹಿಡಿದು ಅವಳು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಪ್ರತಿ ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಈಗ ದೇರಪ್ಪನಿಗೆ ಏನು ಅನ್ನುತ್ತಾಳೋ ಎಂದು ಬಾಯಿ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತರು.

ಜುಸ್ತಿನ್ ಕಂದಕದವರೆಗೆ ಹೋದಳು. ಹೊಸ ಮಣ್ಣಿನ ಮೇಲೆ ಕೋಲೂರಿ ನೋಡಿದಳು. ದೇರಪ್ಪ ಬನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತ. ಅವಳು ಕ್ಯಾರಿಯರನ್ನು ಚಾಚಿದಳು. ಅವನು ಮಣ್ಣಿನ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡ. ಇಬ್ಬರೂ ಒಂದು ಮಾತೂ ಆಡಲಿಲ್ಲ.